ಸೋಪು-ನೀರಿನಲ್ಲೇ ಮುಖ ತೊಳೆಯುವವರಿಗೆ ಮೂರು ಹೆಜ್ಜೆಯ ಆರೈಕೆ

ಸ್ನಾನದ ಸೋಪನ್ನೇ ಮುಖಕ್ಕೂ ಉಜ್ಜಿ, ನೀರು ಎರಚಿಕೊಂಡು, ಟವೆಲಿನಿಂದ ಒರೆಸಿಕೊಂಡರೆ ಮುಖದ ಕೆಲಸ ಮುಗಿಯಿತು ಎಂದು ವರ್ಷಾನುಗಟ್ಟಲೆ ನಡೆದುಕೊಂಡು ಬಂದವರು ಬಹಳ ಮಂದಿ ಇದ್ದಾರೆ. ಅವರನ್ನು ಅಲಕ್ಷ್ಯದ ಆರೋಪ ಹೊರಿಸಿ ಮಾತನಾಡಿಸುವುದು ಸರಿಯಲ್ಲ. ಮುಖದ ಆರೈಕೆಯ ಹೆಸರಿನಲ್ಲಿ ಮಾರಾಟವಾಗುವ ಹತ್ತಾರು ಸೀಸೆಗಳನ್ನೂ ಅವುಗಳನ್ನು ಒಂದರ ಮೇಲೊಂದು ಹಚ್ಚಬೇಕೆಂಬ ಉಪದೇಶಗಳನ್ನೂ ಕಂಡು ದೂರ ಉಳಿದವರ ನಿರ್ಧಾರದಲ್ಲಿ ವಿವೇಕವೂ ಇದೆ. ಆ ಸೀಸೆಗಳಲ್ಲಿ ಹೆಚ್ಚಿನವು ಇಲ್ಲದೆಯೂ ಮುಖ ಚೆನ್ನಾಗಿರಬಲ್ಲದು. ಆದರೆ ಆ ರಾಶಿಯ ನಡುವೆ ಮೂರು ಕೆಲಸಗಳು ಮಾತ್ರ ನಿಜವಾಗಿ ಮಾಡತಕ್ಕವು: ಚರ್ಮಕ್ಕೆ ನೋವಾಗದಂತೆ ತೊಳೆಯುವುದು, ತೊಳೆದ ಮೇಲೆ ತೇವವನ್ನು ಹಿಡಿದಿಡುವುದು, ಹಗಲಿನಲ್ಲಿ ಬಿಸಿಲಿನಿಂದ ಕಾಪಾಡುವುದು. ದಿನಕ್ಕೆ ಐದು ನಿಮಿಷವನ್ನೂ ಬೇಡದ ಈ ಮೂರನ್ನು, ಇಂದು ಸೋಪು-ನೀರು ಬಿಟ್ಟು ಬೇರೇನನ್ನೂ ಬಳಸದವರು ಹೇಗೆ ಆರಂಭಿಸಬೇಕು ಎಂಬುದನ್ನು ಈ ಬರಹದಲ್ಲಿ ವಿವರಿಸಲಾಗಿದೆ.

ಸೋಪು ಚರ್ಮಕ್ಕೆ ಏನು ಮಾಡುತ್ತದೆ

ಸೋಪಿನಿಂದ ತೊಳೆದ ಕೆಲವೇ ನಿಮಿಷಗಳಲ್ಲಿ ಮುಖ ಬಿಗಿದುಕೊಂಡಂತೆ ಆಗುವುದನ್ನು ನಾವು ಶುಚಿತ್ವದ ಗುರುತೆಂದು ನಂಬಿದ್ದೇವೆ. ವಾಸ್ತವದಲ್ಲಿ ಅದು ಚರ್ಮ ತನ್ನ ತೇವವನ್ನು ಕಳೆದುಕೊಳ್ಳುತ್ತಿರುವುದರ ಗುರುತು. ಚರ್ಮದ ಅತ್ಯಂತ ಹೊರಗಿನ ಪದರವು ಸಾಮಾನ್ಯವಾಗಿ ಒಂದು ಮಿಲಿಮೀಟರಿನ 50ನೇ ಒಂದು ಭಾಗಕ್ಕಿಂತ ಹೆಚ್ಚು ದಪ್ಪವಿರುವುದಿಲ್ಲ. ಇದರ ರಚನೆಯನ್ನು ಇಟ್ಟಿಗೆ ಗೋಡೆಗೆ ಹೋಲಿಸುವುದು ರೂಢಿ: ಸತ್ತು ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆಗಳು, ಅವುಗಳ ನಡುವೆ ತುಂಬಿಕೊಂಡಿರುವ ಸೆರಮೈಡ್ ಎಂಬ ಜಿಡ್ಡಿನ ವಸ್ತು, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು ಗಾರೆ. ಒಳಗಿನ ನೀರು ಹೊರಕ್ಕೆ ಆವಿಯಾಗದಂತೆ, ಹೊರಗಿನ ಕಿರಿಕಿರಿಯ ವಸ್ತುಗಳು ಒಳಕ್ಕೆ ಇಳಿಯದಂತೆ ತಡೆಯುವುದು ಈ ಗಾರೆಯೇ. ಸೋಪು ಕೊಳೆಯನ್ನು ತೆಗೆಯುವುದು ಎಣ್ಣೆಯ ಅಂಶವನ್ನು ಕರಗಿಸಿ ನೀರಿನೊಡನೆ ಕೊಂಡೊಯ್ಯುವ ಗುಣದಿಂದ. ಹೊರಗಿನಿಂದ ಬಂದು ಅಂಟಿದ ಜಿಡ್ಡು ಯಾವುದು, ಚರ್ಮವು ತನ್ನ ರಕ್ಷಣೆಗಾಗಿ ಇಟ್ಟುಕೊಂಡ ಜಿಡ್ಡು ಯಾವುದು ಎಂಬ ಭೇದ ಅದಕ್ಕೆ ತಿಳಿಯದು, ಎರಡನ್ನೂ ತೆಗೆಯುತ್ತದೆ.

ಇದರ ಜೊತೆಗೆ ಆಮ್ಲ-ಕ್ಷಾರದ ಪ್ರಶ್ನೆಯೂ ಇದೆ. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾಗಿದ್ದು ಅದರ ಪಿಎಚ್ ಮಟ್ಟ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ) ಸುಮಾರು 5ರ ಆಸುಪಾಸಿನಲ್ಲಿರುತ್ತದೆ. ಜರ್ಮನಿಯ ಶಾಡೆ ಮತ್ತು ಮಾರ್ಕಿಯೋನಿನಿ ಎಂಬ ವೈದ್ಯರು 1928ರಲ್ಲಿಯೇ ಇದನ್ನು ಚರ್ಮದ ‘ಆಮ್ಲದ ಹೊದಿಕೆ’ ಎಂದು ಕರೆದಿದ್ದರು. ಆ ಪದರದ ಗಾರೆಯನ್ನು ತಯಾರಿಸುವ ಕಿಣ್ವಗಳು ಕೆಲಸ ಮಾಡುವುದಕ್ಕೂ, ಕೆಡುಕು ಮಾಡುವ ಸೂಕ್ಷ್ಮಾಣುಗಳು ಮಿತಿ ಮೀರದಿರುವುದಕ್ಕೂ ಈ ಆಮ್ಲೀಯತೆ ಬೇಕು. ಎಣ್ಣೆ ಅಥವಾ ಕೊಬ್ಬನ್ನು ಕ್ಷಾರದೊಡನೆ ಸೇರಿಸಿ ತಯಾರಿಸಿದ ಸಾಂಪ್ರದಾಯಿಕ ಸೋಪಿನ ಪಿಎಚ್ 9ರಿಂದ 10ರವರೆಗೆ ಇರುತ್ತದೆ. ಪ್ರತಿ ಸಲ ಅದರಿಂದ ತೊಳೆದಾಗಲೂ ಚರ್ಮದ ಪಿಎಚ್ ಮೇಲಕ್ಕೇರುತ್ತದೆ, ಮತ್ತೆ ತನ್ನ ಸ್ಥಿತಿಗೆ ಮರಳಲು ತಾಸುಗಳೇ ಹಿಡಿಯಬಹುದು. ನೀರು ಗಡಸಾಗಿದ್ದರೆ ತೊಂದರೆ ಇನ್ನೂ ಹೆಚ್ಚು. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಡನೆ ಸೇರಿ ಕರಗದ ಕಿಟ್ಟವಾಗುತ್ತವೆ. ಬಕೆಟ್ಟಿನ ಅಂಚಿನಲ್ಲಿ ಬಿಳಿಯಾಗಿ ಕಟ್ಟಿಕೊಳ್ಳುವ ಆ ಕಿಟ್ಟ ಮುಖದ ಮೇಲೂ ಉಳಿಯುತ್ತದೆ.

‘ಇಷ್ಟು ವರ್ಷ ಸೋಪು ಹಚ್ಚಿಯೂ ನನಗೇನೂ ಆಗಿಲ್ಲವಲ್ಲ’ ಎಂಬ ಮಾತಿಗೆ ಗೌರವ ಕೊಡಲೇಬೇಕು, ಏಕೆಂದರೆ ಚರ್ಮ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿಯುಳ್ಳದ್ದು ಮತ್ತು ಯೌವನದಲ್ಲಿ ಆ ಶಕ್ತಿ ಧಾರಾಳವಾಗಿರುತ್ತದೆ. ವಯಸ್ಸು ಏರಿದಂತೆ ಎಣ್ಣೆಯ ಉತ್ಪತ್ತಿ ತಗ್ಗುತ್ತದೆ, ದುರಸ್ತಿ ನಿಧಾನವಾಗುತ್ತದೆ, ಚಳಿ-ಗಾಳಿಗೆ ಕೆನ್ನೆ ಒಡೆಯುವುದು, ಮೂಗಿನ ಪಕ್ಕ ಹೊಟ್ಟು ಏಳುವುದು, ಏನು ಹಚ್ಚಿದರೂ ಚುರುಚುರು ಎನ್ನುವುದು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಆಗ ಚಿಕಿತ್ಸೆ ಹುಡುಕುವುದಕ್ಕಿಂತ ಈಗಲೇ ಅಭ್ಯಾಸವನ್ನು ತುಸು ತಿದ್ದಿಕೊಳ್ಳುವುದು ಸುಲಭ.

ಮೊದಲ ಹೆಜ್ಜೆ: ತೊಳೆಯುವ ವಸ್ತುವನ್ನು ಬದಲಾಯಿಸುವುದು

ಸೋಪು ಬೇಡ ಎಂದರೆ ತೊಳೆಯುವುದೇ ಬೇಡ ಎಂದು ಅರ್ಥವಲ್ಲ. ಸೋಪಿನ ಜಾಗಕ್ಕೆ ಮೃದುವಾದ ಕ್ಲೆನ್ಸರ್ ಅಥವಾ ಫೇಸ್ ವಾಶ್ ಬರಬೇಕು. ಕೈಯಲ್ಲಿ ಬಿಲ್ಲೆಯನ್ನೇ ಹಿಡಿದು ಅಭ್ಯಾಸವಾದವರು ದ್ರವಕ್ಕೆ ಬದಲಾಗಲೇಬೇಕೆಂದಿಲ್ಲ. ನೋಡಲು ಸೋಪಿನಂತೆಯೇ ಇದ್ದರೂ ಸೋಪಲ್ಲದ ಬಿಲ್ಲೆಗಳು ಸಿಗುತ್ತವೆ. ಹೊದಿಕೆಯ ಮೇಲಿನ ಘಟಕಗಳ ಪಟ್ಟಿಯನ್ನು ಓದಿದರೆ ವ್ಯತ್ಯಾಸ ತಿಳಿಯುತ್ತದೆ. ಪಟ್ಟಿಯ ಆರಂಭದಲ್ಲಿ ಸೋಡಿಯಂ ಪಾಮೇಟ್, ಸೋಡಿಯಂ ಟ್ಯಾಲೋವೇಟ್, ಸೋಡಿಯಂ ಕೋಕೋಯೇಟ್ ಎಂಬ ಹೆಸರುಗಳಿದ್ದರೆ ಅದು ಸಾಂಪ್ರದಾಯಿಕ ಸೋಪು. ಸೋಡಿಯಂ ಕೊಕೊಯಿಲ್ ಐಸೆಥಯೊನೇಟ್ ಎಂಬ ಹೆಸರು ಮೊದಲು ಬಂದಿದ್ದರೆ ಅದು ಬಹುಮಟ್ಟಿಗೆ ಮೃದುವಾದ ಬಿಲ್ಲೆ. ‘ಸುಗಂಧರಹಿತ’ ಎಂದು ಬರೆದಿರುವುದನ್ನು ಆರಿಸಿಕೊಳ್ಳುವುದು ಲೇಸು. ಪರಿಮಳವು ಮೂಗಿಗೆ ಹಿತವಾದರೂ ಚರ್ಮದ ಅಲರ್ಜಿಗೆ ಅದು ಸಾಮಾನ್ಯ ಕಾರಣಗಳಲ್ಲೊಂದು. ನೊರೆ ಕಡಿಮೆ ಬಂದರೆ ಶುಚಿಯಾಗುವುದಿಲ್ಲ ಎಂಬ ಅನುಮಾನ ಮೊದಲ ಕೆಲವು ದಿನ ಕಾಡಬಹುದು. ನೊರೆಗೂ ಶುಚಿತ್ವಕ್ಕೂ ನೇರ ಸಂಬಂಧವಿಲ್ಲ.

ತೊಳೆಯುವ ಕ್ರಮ ಹೀಗಿರಲಿ. ಮೊದಲು ಕೈಗಳನ್ನು ತೊಳೆದುಕೊಂಡು, ಉಗುರುಬೆಚ್ಚಗಿನ ಅಥವಾ ತಣ್ಣಗಿನ ನೀರಿನಿಂದ ಮುಖವನ್ನು ಒದ್ದೆ ಮಾಡಿಕೊಳ್ಳಬೇಕು. ಬಿಸಿನೀರು ಎಣ್ಣೆಯನ್ನು ಇನ್ನಷ್ಟು ಕರಗಿಸುತ್ತದೆ. ಸ್ವಲ್ಪವೇ ಕ್ಲೆನ್ಸರನ್ನು ಅಂಗೈಯಲ್ಲಿ ಹರಡಿಕೊಂಡು, ಬೆರಳ ತುದಿಗಳಿಂದ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಹಗುರವಾಗಿ ತಿರುವಿ, ಹಣೆಯ ಕೂದಲಂಚು ಹಾಗೂ ದವಡೆಯ ಅಂಚಿನಲ್ಲಿ ಏನೂ ಉಳಿಯದಂತೆ ತೊಳೆಯಬೇಕು. ಗಡ್ಡವಿರುವವರು ಕೂದಲಿನ ಕೆಳಗಿನ ಚರ್ಮಕ್ಕೂ ಬೆರಳು ತಲುಪಿಸಬೇಕು. ನಾರು, ಬ್ರಶ್ಶು, ಹರಳು ಹರಳಾದ ಸ್ಕ್ರಬ್ ಇವು ಯಾವುವೂ ನಿತ್ಯದ ತೊಳೆತಕ್ಕೆ ಬೇಡ. ಕೊನೆಗೆ ಮುಖಕ್ಕೆಂದೇ ಇಟ್ಟ ಮೆತ್ತನೆಯ ಬಟ್ಟೆಯನ್ನು ಒತ್ತಿ ನೀರನ್ನು ಹೀರಿಸಬೇಕೇ ಹೊರತು ಉಜ್ಜಬಾರದು; ತುಸು ತೇವ ಉಳಿದರೆ ಅದು ಮುಂದಿನ ಹೆಜ್ಜೆಗೆ ಅನುಕೂಲ.

ರಾತ್ರಿ ಮಲಗುವ ಮುನ್ನ ಒಮ್ಮೆ ಕ್ಲೆನ್ಸರಿನಿಂದ ತೊಳೆಯುವುದು ತಪ್ಪಬಾರದು, ಏಕೆಂದರೆ ಹಗಲೆಲ್ಲ ಕೂಡಿದ ಧೂಳು, ಬೆವರು ಮತ್ತು ಸನ್‌ಸ್ಕ್ರೀನ್ ಹೋಗಬೇಕಾದದ್ದು ಆಗಲೇ. ಬೆಳಗ್ಗೆ ಒಣಚರ್ಮದವರಿಗೆ ಬರೀ ನೀರು ಸಾಕು, ಎಣ್ಣೆಚರ್ಮದವರು ಮತ್ತೊಮ್ಮೆ ಕ್ಲೆನ್ಸರ್ ಬಳಸಬಹುದು. ತುಂಬ ಬೆವರಿದಾಗ ಹೊರತು ಇದಕ್ಕಿಂತ ಹೆಚ್ಚು ಸಲ ತೊಳೆಯುವುದರಿಂದ ಲಾಭವಿಲ್ಲ. ಮೊಡವೆ ಇರುವವರು ದಿನಕ್ಕೆ ನಾಲ್ಕೈದು ಸಲ ಸೋಪು ಹಾಕಿ ತಿಕ್ಕುವುದನ್ನು ಕಂಡಾಗ ಮನಸ್ಸಿಗೆ ಬೇಸರವಾಗುತ್ತದೆ. ಮೊಡವೆ ಹುಟ್ಟುವುದು ರೋಮಕೂಪದ ಒಳಗೆ, ಮೇಲಿನ ಕೊಳೆಯಿಂದಲ್ಲ, ಹಾಗಾಗಿ ತಿಕ್ಕುವುದರಿಂದ ಉರಿಯೂತ ಹೆಚ್ಚುತ್ತದೆಯೇ ಹೊರತು ಮೊಡವೆ ಮಾಯುವುದಿಲ್ಲ.

ಎರಡನೆಯ ಹೆಜ್ಜೆ: ಮಾಯಿಶ್ಚರೈಸರ್

ಮಾಯಿಶ್ಚರೈಸರ್ ಎಂದರೆ ಅಲಂಕಾರದ ವಸ್ತು ಎಂಬ ಭಾವನೆ, ಅದರಲ್ಲೂ ಗಂಡಸರಲ್ಲಿ, ಇನ್ನೂ ಗಟ್ಟಿಯಾಗಿದೆ. ಅದರ ಕೆಲಸವನ್ನು ಅರ್ಥಮಾಡಿಕೊಂಡರೆ ಈ ಭಾವನೆ ತಾನಾಗಿ ಕರಗುತ್ತದೆ. ಅದರಲ್ಲಿರುವ ಗ್ಲಿಸರಿನ್, ಹಯಲುರಾನಿಕ್ ಆಮ್ಲ ಮೊದಲಾದವು ನೀರನ್ನು ಸೆಳೆದು ಹಿಡಿಯುತ್ತವೆ. ಪೆಟ್ರೋಲಿಯಂ ಜೆಲ್ಲಿ, ಡೈಮೆಥಿಕೋನ್ ಮುಂತಾದವು ಮೇಲೊಂದು ತೆಳುಪೊರೆ ಹಾಸಿ ಆ ನೀರು ಆವಿಯಾಗದಂತೆ ತಡೆಯುತ್ತವೆ. ಸೆರಮೈಡ್‌ಗಳಿದ್ದರೆ ಅವು ಕಳೆದುಹೋದ ಗಾರೆಯನ್ನು ತುಂಬಲು ನೆರವಾಗುತ್ತವೆ. ಇವುಗಳಲ್ಲಿ ಗ್ಲಿಸರಿನ್ ಬಹಳ ಹಳೆಯದು, ಅಗ್ಗವಾದದ್ದು, ಹೆಚ್ಚಿನವರಿಗೆ ಒಗ್ಗುವಂಥದ್ದು. ದುಬಾರಿ ಡಬ್ಬಿಯೇ ಬೇಕೆಂದು ಭಾವಿಸುವವರು ಪಟ್ಟಿಯಲ್ಲಿ ನೀರಿನ ನಂತರ ಗ್ಲಿಸರಿನ್ ಹೆಸರು ಎಷ್ಟು ಬೇಗ ಬರುತ್ತದೆ ಎಂಬುದನ್ನು ನೋಡಿದರೆ ಸಾಕು, ಬೆಲೆಗೂ ಗುಣಕ್ಕೂ ಇರುವ ದೂರ ತಿಳಿದೀತು.

ತೊಳೆದ ಎರಡು ಮೂರು ನಿಮಿಷಗಳೊಳಗೆ, ಚರ್ಮ ಇನ್ನೂ ತುಸು ಒದ್ದೆಯಾಗಿರುವಾಗಲೇ, ಬೆರಳ ತುದಿಯಲ್ಲಿ ನಿಲ್ಲುವಷ್ಟು ಮಾಯಿಶ್ಚರೈಸರನ್ನು ಹಣೆ, ಎರಡು ಕೆನ್ನೆ, ಮೂಗು, ಗಲ್ಲಗಳ ಮೇಲೆ ಚುಕ್ಕೆಯಿಟ್ಟು ಕುತ್ತಿಗೆಯವರೆಗೂ ಹರಡಬೇಕು. ಒಣಚರ್ಮಕ್ಕೆ ಕ್ರೀಮ್, ಸಾಧಾರಣ ಚರ್ಮಕ್ಕೆ ಲೋಷನ್, ಎಣ್ಣೆಚರ್ಮಕ್ಕೆ ಜೆಲ್ ಹೊಂದುತ್ತದೆ. ಮುಖ ಜಿಡ್ಡುಜಿಡ್ಡಾಗಿರುವಾಗ ಇನ್ನೊಂದನ್ನು ಏಕೆ ಹಚ್ಚಬೇಕು ಎಂದು ಕೇಳುವವರು ಗಮನಿಸಬೇಕಾದದ್ದು ಏನೆಂದರೆ, ಎಣ್ಣೆ ಬೇರೆ, ನೀರು ಬೇರೆ. ಮೇಲೆ ಎಣ್ಣೆ ಹೊಳೆಯುತ್ತಿರುವ ಚರ್ಮವೂ ಒಳಗೆ ನೀರಿನ ಕೊರತೆಯಿಂದ ಬಳಲುತ್ತಿರಬಹುದು. ಅಂಥವರು ರೋಮಕೂಪ ಮುಚ್ಚದ, ‘ನಾನ್-ಕೊಮೆಡೊಜೆನಿಕ್’ ಎಂದು ಬರೆದಿರುವ ಹಗುರವಾದ ಜೆಲ್ ಆರಿಸಿಕೊಳ್ಳಲಿ. ಕ್ಷೌರ ಮಾಡಿಕೊಳ್ಳುವವರಿಗೆ ಬ್ಲೇಡು ಆಡಿದ ಕೂಡಲೇ ಇದನ್ನು ಹಚ್ಚಿದರೆ ಉರಿ ಬಹಳ ತಗ್ಗುತ್ತದೆ.

ಮೂರನೆಯ ಹೆಜ್ಜೆ: ಸನ್‌ಸ್ಕ್ರೀನ್

ಮೂರರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನನ್ನ ಆಯ್ಕೆ ಸನ್‌ಸ್ಕ್ರೀನ್. ಮುಖದ ಮೇಲೆ ವಯಸ್ಸಿನದೆಂದು ನಾವು ತಿಳಿದಿರುವ ಸುಕ್ಕು, ಕಲೆ, ಬಂಗು, ಒರಟುತನ ಇವುಗಳಲ್ಲಿ ದೊಡ್ಡ ಪಾಲು ಬಿಸಿಲಿನದು. 2012ರಲ್ಲಿ ಅಮೆರಿಕದ ವೈದ್ಯಕೀಯ ನಿಯತಕಾಲಿಕವೊಂದರಲ್ಲಿ, 28 ವರ್ಷ ಸರಕು ಸಾಗಿಸುವ ವಾಹನ ಓಡಿಸಿದ 69 ವರ್ಷದ ಚಾಲಕರೊಬ್ಬರ ಚಿತ್ರ ಪ್ರಕಟವಾಯಿತು. ಕಿಟಕಿಯ ಗಾಜಿನ ಕಡೆಗಿದ್ದ ಅವರ ಎಡಗೆನ್ನೆಯಲ್ಲಿ ಆಳವಾದ ಸುಕ್ಕುಗಳು ಬಿದ್ದು ಚರ್ಮ ದಪ್ಪಗಟ್ಟಿತ್ತು, ಬಲಗೆನ್ನೆ ಅದಕ್ಕಿಂತ ಎಷ್ಟೋ ಎಳೆಯದಾಗಿ ಕಾಣುತ್ತಿತ್ತು. ಒಬ್ಬರದೇ ಮುಖ, ಒಂದೇ ವಯಸ್ಸು, ಬೇರೆಯಾದದ್ದು ಬಿಸಿಲು ಮಾತ್ರ. ಅತಿನೇರಳೆ ಕಿರಣಗಳಲ್ಲಿ ಚರ್ಮವನ್ನು ಸುಟ್ಟು ಕೆಂಪಾಗಿಸುವ ಯುವಿಬಿ ಕಿರಣಗಳನ್ನು ಗಾಜು ಬಹುಮಟ್ಟಿಗೆ ತಡೆಯುತ್ತದೆ; ಚರ್ಮದ ಆಳಕ್ಕಿಳಿದು ಅದನ್ನು ಮುಪ್ಪಾಗಿಸುವ ಯುವಿಎ ಕಿರಣಗಳು ಗಾಜನ್ನು ದಾಟಿ ಬರುತ್ತವೆ. ತೆಳುಮೋಡ ಕವಿದ ದಿನವೂ ಅತಿನೇರಳೆ ಕಿರಣಗಳ ಬಹುಪಾಲು ನೆಲಕ್ಕೆ ತಲುಪುತ್ತದೆ.

ದಿನವೂ ಹಚ್ಚುವುದರಿಂದ ಪ್ರಯೋಜನವಿದೆಯೇ ಎಂಬುದಕ್ಕೆ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ನಾಂಬೂರ್ ಪಟ್ಟಣದಲ್ಲಿ ನಡೆದ ಅಧ್ಯಯನ ಸ್ಪಷ್ಟ ಉತ್ತರ ಕೊಟ್ಟಿದೆ. 55 ವರ್ಷದೊಳಗಿನ 903 ಮಂದಿಯನ್ನು 1992ರಿಂದ 1996ರವರೆಗೆ ಗಮನಿಸಿ, ಅದರ ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಲಾಯಿತು. ಮನಸ್ಸಿಗೆ ಬಂದಾಗ ಮಾತ್ರ ಸನ್‌ಸ್ಕ್ರೀನ್ ಹಚ್ಚಿದವರಿಗಿಂತ ನಿತ್ಯ ಹಚ್ಚಿದವರ ಚರ್ಮದ ಮುಪ್ಪು 24 ಶೇಕಡಾ ಕಡಿಮೆಯಿತ್ತು. ವಾರಕ್ಕೊಮ್ಮೆ ನೆನಪಾಗಿ ಧಾರಾಳವಾಗಿ ಬಳಿದುಕೊಳ್ಳುವುದಕ್ಕೂ ದಿನವೂ ತಪ್ಪದೆ ಹಚ್ಚುವುದಕ್ಕೂ ಇರುವ ಅಂತರವನ್ನು ಈ ಅಂಕಿ ತಿಳಿಸುತ್ತದೆ.

ಡಬ್ಬಿಯ ಮೇಲೆ ಎಸ್‌ಪಿಎಫ್ ಎಂಬುದರ ಮುಂದೆ ಇರುವ ಸಂಖ್ಯೆ ಯುವಿಬಿಯ ವಿರುದ್ಧದ ರಕ್ಷಣೆಯ ಅಳತೆ. ಸರಿಯಾದ ಪ್ರಮಾಣದಲ್ಲಿ ಹಚ್ಚಿದರೆ 15 ಎಂಬುದು ಸುಮಾರು 93 ಶೇಕಡಾ, 30 ಸುಮಾರು 97 ಶೇಕಡಾ, 50 ಸುಮಾರು 98 ಶೇಕಡಾ ಕಿರಣಗಳನ್ನು ತಡೆಯುತ್ತದೆ. ಆದ್ದರಿಂದ 30 ಅಥವಾ ಅದಕ್ಕಿಂತ ಹೆಚ್ಚು ಎಂದು ನಿಶ್ಚಯಿಸಿಕೊಂಡರೆ ಸಾಕು, ಇನ್ನೂ ದೊಡ್ಡ ಸಂಖ್ಯೆಯ ಬೆನ್ನು ಹತ್ತಬೇಕಾಗಿಲ್ಲ. ಯುವಿಎಯಿಂದಲೂ ರಕ್ಷಣೆ ಇದೆ ಎಂಬುದನ್ನು ‘ಬ್ರಾಡ್ ಸ್ಪೆಕ್ಟ್ರಮ್’ ಎಂಬ ಮಾತಿನಿಂದಲೋ ‘ಪಿಎ’ ಅಕ್ಷರಗಳ ಮುಂದಿನ ‘+’ ಚಿಹ್ನೆಗಳಿಂದಲೋ ತಿಳಿಯಬಹುದು. ಹೆಚ್ಚಿನವರು ಎಡವುವುದು ಪ್ರಮಾಣದಲ್ಲಿ. ಈ ಸಂಖ್ಯೆಗಳನ್ನು ಅಳೆಯುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ನಾವು ಸಾಮಾನ್ಯವಾಗಿ ಅದರ ಅರ್ಧದಷ್ಟನ್ನೂ ಹಚ್ಚುವುದಿಲ್ಲ. ತೋರುಬೆರಳು ಮತ್ತು ನಡುಬೆರಳುಗಳ ಉದ್ದಕ್ಕೂ ಒಂದೊಂದು ಗೆರೆ ಹಿಂಡಿಕೊಂಡರೆ ಮುಖ ಮತ್ತು ಕುತ್ತಿಗೆಗೆ ಬೇಕಾದಷ್ಟಾಗುತ್ತದೆ. ಒಂದೇ ಸಲಕ್ಕೆ ಅಷ್ಟು ಹರಡಲು ಕಷ್ಟವಾದರೆ ಒಂದು ಗೆರೆಯನ್ನು ಹಚ್ಚಿ, ಅದು ಇಂಗಿದ ಮೇಲೆ ಇನ್ನೊಂದನ್ನು ಹಚ್ಚಬಹುದು. ಕಿವಿ, ಕತ್ತಿನ ಹಿಂಭಾಗ, ಕೂದಲು ವಿರಳವಾದ ನೆತ್ತಿ ಇವನ್ನು ಮರೆಯಬಾರದು. ಹೊರಡುವುದಕ್ಕೆ 15 ನಿಮಿಷ ಮೊದಲು ಹಚ್ಚಿ, ಬಿಸಿಲಿನಲ್ಲೇ ಇರುವವರು ಎರಡು ತಾಸಿಗೊಮ್ಮೆ, ಬೆವರಿದರೆ ಅಥವಾ ಮುಖ ತೊಳೆದರೆ ಆಗಲೇ ಮತ್ತೆ ಹಚ್ಚಬೇಕು. ಟೋಪಿ, ಕೊಡೆ, ನೆರಳು ಇವು ಸನ್‌ಸ್ಕ್ರೀನಿನ ಜೊತೆಗಾರರು, ಬದಲಿಗಳಲ್ಲ.

ಕಪ್ಪು ಮೈಬಣ್ಣದವರಿಗೆ ಇದು ಬೇಡ ಎಂಬ ಮಾತು ಅರ್ಧ ಸತ್ಯ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ನಿಜವಾಗಿಯೂ ಒಂದು ಮಟ್ಟಿನ ರಕ್ಷಣೆ ಕೊಡುತ್ತದೆ, ಹೀಗಾಗಿ ಬಿಸಿಲಿಗೆ ಸುಡುವುದೂ ಸುಕ್ಕು ಬೀಳುವುದೂ ತಡ. ಆದರೆ ಅದೇ ಚರ್ಮದಲ್ಲಿ ಬಂಗು ಮತ್ತು ಮೊಡವೆಯ ಕಲೆಗಳು ಹೆಚ್ಚು ಗಾಢವಾಗಿ, ಹೆಚ್ಚು ಕಾಲ ಉಳಿಯುತ್ತವೆ, ಮತ್ತು ಅವನ್ನು ಗಾಢಗೊಳಿಸುವುದರಲ್ಲಿ ಅತಿನೇರಳೆ ಕಿರಣಗಳ ಜೊತೆಗೆ ಕಣ್ಣಿಗೆ ಕಾಣುವ ಬೆಳಕಿನ ಪಾಲೂ ಇದೆ. ಕಬ್ಬಿಣದ ಆಕ್ಸೈಡ್ ಬೆರೆತು ಮೈಬಣ್ಣಕ್ಕೆ ಹೊಂದುವಂತೆ ತಯಾರಾದ ಸನ್‌ಸ್ಕ್ರೀನ್ ಆ ಬೆಳಕನ್ನೂ ತಡೆಯುತ್ತದೆ. ಬಂಗು ಇರುವವರಿಗೆ ಅದನ್ನೇ ಒತ್ತಿ ಹೇಳುತ್ತೇನೆ, ಮುಖ ಬೂದಿ ಬಳಿದಂತೆ ಬಿಳಚಿಕೊಳ್ಳುವ ತೊಂದರೆಯೂ ಅದರಿಂದ ತಪ್ಪುತ್ತದೆ.

ಆರಂಭಿಸುವ ಬಗೆ

ಮೂರನ್ನೂ ಒಂದೇ ದಿನ ತಂದು ಒಟ್ಟಿಗೆ ಹಚ್ಚಲು ತೊಡಗಿದರೆ, ಮುಖ ಉರಿದಾಗ ಯಾವುದರಿಂದ ಎಂದು ತಿಳಿಯುವುದಿಲ್ಲ. ಮೊದಲ ಎರಡು ವಾರ ಸೋಪಿನ ಬದಲು ಕ್ಲೆನ್ಸರ್ ಮಾತ್ರ. ನಂತರ ರಾತ್ರಿಯ ಮಾಯಿಶ್ಚರೈಸರ್. ಅದು ಒಗ್ಗಿದ ಮೇಲೆ ಬೆಳಗ್ಗೆ ಮಾಯಿಶ್ಚರೈಸರ್ ಮತ್ತು ಅದರ ಮೇಲೆ ಸನ್‌ಸ್ಕ್ರೀನ್. ಎಣ್ಣೆಚರ್ಮದವರಿಗೆ ಬೆಳಗ್ಗೆ ತೇವಾಂಶವುಳ್ಳ ಸನ್‌ಸ್ಕ್ರೀನ್ ಒಂದೇ ಸಾಕಾಗಬಹುದು. ಚರ್ಮ ಸೂಕ್ಷ್ಮವಾಗಿರುವವರು ಹೊಸದನ್ನು ಮುಖಕ್ಕೆ ಹಚ್ಚುವ ಮೊದಲು ಮೊಣಕೈ ಮಡಚುವ ಕಡೆ ದಿನಕ್ಕೆರಡು ಸಲದಂತೆ 7ರಿಂದ 10 ದಿನ ಹಚ್ಚಿ, ಕೆಂಪಾಗುವುದಾಗಲಿ ತುರಿಕೆಯಾಗಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಡಬ್ಬಿಗಳನ್ನು ಹಲ್ಲುಜ್ಜುವ ಬ್ರಶ್ಶಿನ ಪಕ್ಕದಲ್ಲೇ ಇಟ್ಟರೆ ನೆನಪಿಡುವ ಶ್ರಮವೇ ಇರುವುದಿಲ್ಲ. ಕಪಾಟಿನೊಳಗೆ ಸೇರಿದ ಸನ್‌ಸ್ಕ್ರೀನ್ ಅಲ್ಲಿಯೇ ಉಳಿಯುತ್ತದೆ. ಮನೆಯಲ್ಲಿ ಒಪ್ಪದವರಿದ್ದರೆ ಅವರಿಗೆ ಮೂರು ಹೆಜ್ಜೆಗಳ ಪಾಠ ಹೇಳುವ ಬದಲು, ಸೋಪಿನ ಪೆಟ್ಟಿಗೆಯಲ್ಲಿ ಮೃದುವಾದ ಬಿಲ್ಲೆಯನ್ನು ಅವರಿಗೆ ತಿಳಿಸಿಯೇ ಇಟ್ಟು, ಒಂದು ವಾರ ಬಳಸಿ ನೋಡಿ ಎಂದು ಕೇಳಿಕೊಳ್ಳುವುದು ಹೆಚ್ಚು ಫಲಕಾರಿ.

ಬಿಗಿತ ಮತ್ತು ಹೊಟ್ಟು ಕೆಲವು ದಿನಗಳಲ್ಲೇ ತಗ್ಗುತ್ತವೆ. ಚರ್ಮದ ಕೋಶಗಳು ತಳದಲ್ಲಿ ಹುಟ್ಟಿ ಮೇಲೆ ಬಂದು ಉದುರಲು ನಾಲ್ಕು ವಾರಗಳೋ ಅದಕ್ಕಿಂತ ಹೆಚ್ಚೋ ಬೇಕಾಗುವುದರಿಂದ ನುಣುಪು ಬರಲು ಅಷ್ಟು ಕಾಲ ಕಾಯಬೇಕು. ಕಲೆಗಳು ಮಾಸಲು ತಿಂಗಳುಗಳೇ ಹಿಡಿಯುತ್ತವೆ. ಎರಡು ಮೂರು ತಿಂಗಳು ಈ ಕ್ರಮ ನಡೆದ ಮೇಲೂ ಮೊಡವೆ ಅಥವಾ ಕಲೆ ಉಳಿದಿದ್ದರೆ ಆಗ ನಿಯಾಸಿನಮೈಡ್ (ಬಿ3 ಜೀವಸತ್ವದ ಒಂದು ರೂಪ), ರೆಟಿನಾಯ್ಡ್ (ಎ ಜೀವಸತ್ವದ ವರ್ಗದ ವಸ್ತು) ಮುಂತಾದವುಗಳ ವಿಚಾರ ಮಾಡಬಹುದು. ಗರ್ಭಿಣಿಯರು ರೆಟಿನಾಯ್ಡ್‌ಗಳನ್ನು ಬಳಸಬಾರದು.

ಕೆಲವು ವಸ್ತುಗಳನ್ನು ಮಾತ್ರ ಮುಖದಿಂದ ದೂರವಿಡಲೇಬೇಕು. ನಿಂಬೆರಸ ಬಹಳ ಹುಳಿಯಾದದ್ದು, ಅಲ್ಲದೆ ನಿಂಬೆಯ ಜಾತಿಯ ಹಣ್ಣುಗಳ ರಸ ತಗುಲಿದ ಚರ್ಮ ಬಿಸಿಲಿಗೆ ಬಿದ್ದರೆ ಬೊಬ್ಬೆ ಎದ್ದು ಕಪ್ಪು ಕಲೆ ಉಳಿಯಬಹುದು. ಅಡುಗೆ ಸೋಡಾ ಸೋಪಿನಂತೆಯೇ ಕ್ಷಾರೀಯ. ಮೊಡವೆಗೆ ಟೂತ್‌ಪೇಸ್ಟ್ ಹಚ್ಚಿದರೆ ಸುಟ್ಟಂತಾಗುವ ಸಂಭವವೇ ಹೆಚ್ಚು. ಇವೆಲ್ಲಕ್ಕಿಂತ ಹಾನಿಕರವಾದದ್ದು ವೈದ್ಯರ ಸಲಹೆಯಿಲ್ಲದೆ ಹಚ್ಚುವ ಸ್ಟಿರಾಯ್ಡ್ ಮುಲಾಮು. ಮೊದಲ ವಾರದಲ್ಲಿ ಮುಖ ತಿಳಿಯಾಗಿ ಹೊಳೆಯುವುದರಿಂದ ಜನ ಅದನ್ನು ನಂಬಿಬಿಡುತ್ತಾರೆ. ತಿಂಗಳುಗಟ್ಟಲೆ ಬಳಸಿದರೆ ಚರ್ಮ ತೆಳುವಾಗಿ, ರಕ್ತನಾಳಗಳು ಕಾಣಿಸಿ, ಮೊಡವೆಗಳು ಎದ್ದು, ಬಿಟ್ಟ ಕೂಡಲೇ ಉರಿಯುವ ಸ್ಥಿತಿಗೆ ಮುಖ ತಲುಪುತ್ತದೆ. ಈಗಾಗಲೇ ಬಹುಕಾಲದಿಂದ ಬಳಸುತ್ತಿರುವವರು ತಾವಾಗಿ ಥಟ್ಟನೆ ನಿಲ್ಲಿಸದೆ ಚರ್ಮರೋಗ ತಜ್ಞರ ಬಳಿಗೆ ಹೋಗಬೇಕು. ಘಟಕಗಳ ಪಟ್ಟಿಯೇ ಇಲ್ಲದ, ಬೆಳ್ಳಗೆ ಮಾಡುವುದಾಗಿ ಹೇಳುವ ಕ್ರೀಮುಗಳಲ್ಲಿ ಪಾದರಸವೂ ಪತ್ತೆಯಾಗಿದೆ, ಅದು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ.

ನೋವುಳ್ಳ ಗಂಟುಮೊಡವೆ, ತಿಂಗಳಾದರೂ ಮಾಯದ ಹುಣ್ಣು, ಗಾತ್ರ ಅಥವಾ ಬಣ್ಣ ಬದಲಾಗುತ್ತಿರುವ ಮಚ್ಚೆ, ಮೃದುವಾದ ಕ್ಲೆನ್ಸರಿಗೂ ಉರಿಯುವ ಕೆಂಪು ಕೆನ್ನೆ ಇವು ಈ ಮೂರು ಹೆಜ್ಜೆಗಳ ವ್ಯಾಪ್ತಿಯನ್ನು ಮೀರಿದವು. ಅವಕ್ಕೆ ವೈದ್ಯರೇ ಬೇಕು. ಉಳಿದಂತೆ ಕೊಳ್ಳುವಾಗ ಚಿಕ್ಕ ಡಬ್ಬಿಯಿಂದ ಆರಂಭಿಸಿ, ಅದರ ಹಿಂಬದಿಯಲ್ಲಿ ತೆರೆದ ಡಬ್ಬಿಯ ಚಿತ್ರದೊಳಗೆ 6 ಅಥವಾ 12 ಎಂದು ಬರೆದಿದ್ದರೆ ತೆರೆದ ಮೇಲೆ ಅಷ್ಟು ತಿಂಗಳೊಳಗೆ ಅದನ್ನು ಮುಗಿಸಿ, ಅವಧಿ ಮೀರಿದ ಸನ್‌ಸ್ಕ್ರೀನನ್ನು ಎಷ್ಟೇ ಉಳಿದಿದ್ದರೂ ಬಳಸಬೇಡಿ. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ಅದನ್ನು ಬಿಟ್ಟುಬರುವುದೂ ಬೇಡ, ಕಾವಿಗೆ ಅದರ ಗುಣ ಕೆಡುತ್ತದೆ.